ಕೆಲಸ ಬೇಕಾಗುವ ಮೊದಲೇ ಪರಿಚಯ ಮಾಡಿಕೊಳ್ಳಿ: ಹೊರದೇಶಕ್ಕೆ ಓದಲು ಬಂದವರಿಗೆ

ಹೊರದೇಶಕ್ಕೆ ಓದಲು ಬಂದ ಮೊದಲ ವರ್ಷ ನಾನು ಕೆಲಸದ ಪರಿಚಯಗಳಿಗೆಂದೇ ಇರುವ ಜಾಲತಾಣ ಲಿಂಕ್ಡ್‌ಇನ್ ಕಡೆ ತಲೆ ಹಾಕಿರಲಿಲ್ಲ. ಚೆನ್ನಾಗಿ ಓದಿದರೆ ಕೆಲಸ ತಾನಾಗಿ ಬರುತ್ತದೆ ಅಂತ ನಂಬಿದ್ದೆ. ಓದು ಮುಗಿಯಲು ಎರಡೇ ತಿಂಗಳು ಇದ್ದಾಗ ಭಯ ಶುರುವಾಯಿತು. ಒಂದೇ ರಾತ್ರಿ 60 ಜನಕ್ಕೆ ಒಂದೇ ಸಂದೇಶ ಕಳಿಸಿದೆ: "ಸರ್, ನನಗೆ ಕೆಲಸದ ಅಗತ್ಯ ತುಂಬಾ ಇದೆ, ದಯವಿಟ್ಟು ಸಹಾಯ ಮಾಡಿ." ಹೆಂಗಸರಿಗೂ 'ಸರ್' ಅಂತಲೇ ಹೋಗಿತ್ತು. ಒಬ್ಬರೂ ಉತ್ತರ ಕೊಡಲಿಲ್ಲ. ಇಲ್ಲಿಯವರಿಗೆ ಕರುಣೆಯೇ ಇಲ್ಲ ಅಂತ ವಾರಗಟ್ಟಲೆ ಕೊರಗಿದೆ. ತಪ್ಪು ನನ್ನದು. ಆ ಸಂದೇಶ ಓದಿದವರು ಯಾರು, ಏನು ಮಾಡುತ್ತಾರೆ ಅಂತ ನಾನು ನೋಡಿಯೇ ಇರಲಿಲ್ಲ.

ನೀವು ಹೀಗೆ ಮಾಡಿ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ವಿಶ್ವವಿದ್ಯಾಲಯದ ಪುಟಕ್ಕೆ ಹೋಗಿ, ಹಳೆಯ ವಿದ್ಯಾರ್ಥಿಗಳ ಪಟ್ಟಿ ತೆರೆಯಿರಿ. ಅವರು ಯಾವ ಊರಲ್ಲಿದ್ದಾರೆ, ಎಲ್ಲಿ ಕೆಲಸ ಮಾಡುತ್ತಾರೆ, ಏನು ಓದಿದರು ಅಂತ ಅಲ್ಲೇ ಸೋಸಿ ನೋಡಬಹುದು. ನಿಮ್ಮದೇ ವಿಭಾಗದಲ್ಲಿ ಓದಿದ ಐದು ಜನರನ್ನು ಆರಿಸಿ. ಪ್ರತಿಯೊಬ್ಬರಿಗೂ ಬೇರೆ ಬೇರೆ ಬರೆಯಿರಿ. ಕೊನೆಗೆ ನನಗೆ ಉತ್ತರ ತಂದ ಸಂದೇಶ ಇಷ್ಟೇ: "ನೀವು ಓದಿದ ವಿಭಾಗದಲ್ಲೇ ಓದುತ್ತಿದ್ದೇನೆ. ನೀವು ಪ್ರಯೋಗಾಲಯ ಬಿಟ್ಟು ಡೇಟಾ ಕೆಲಸಕ್ಕೆ ಹೋಗಿದ್ದು ನೋಡಿದೆ. ಆಗ ಯಾವ ವಿಷಯ ಹೊಸದಾಗಿ ಕಲಿಯಬೇಕಾಯಿತು? 15 ನಿಮಿಷ ಮಾತಾಡಬಹುದಾ?" ಕೆಲಸದ ಮಾತೇ ಇಲ್ಲ, ನೋಡಿ. ಕೆಲಸ ಕೊಡಿ ಅಂದರೆ ಅವರ ಕೈಯಲ್ಲಿ ಇರುವುದಿಲ್ಲ. ಅನುಭವ ಕೇಳಿದರೆ ಹೇಳದವರು ಕಡಿಮೆ.

ಪ್ರೊಫೈಲ್ ವಿಷಯ ಬೇಗ ಹೇಳಿಬಿಡುತ್ತೇನೆ. ಮುಖ ಸರಿಯಾಗಿ ಕಾಣುವ ಫೋಟೋ ಹಾಕಿ. ಹೆಸರಿನ ಕೆಳಗೆ ಸುಮ್ನೆ 'ವಿದ್ಯಾರ್ಥಿ' ಅಂತ ಬಿಡದೆ ಏನು ಕಲಿಯುತ್ತಿದ್ದೀರಿ, ಏನು ಮಾಡಬಲ್ಲಿರಿ ಅಂತ ಬರೆಯಿರಿ. ಕೆಲಸ ಕೊಡಿಸಲು ಮೊದಲು ದುಡ್ಡು ಕೇಳಿದರೆ ಅದು ಮೋಸ, ಅಲ್ಲಿಗೇ ನಿಲ್ಲಿಸಿ.

ನನ್ನ ಇನ್ನೊಂದು ತಪ್ಪು ಹೇಳುವಾಗ ಈಗಲೂ ನೋವಾಗುತ್ತದೆ. ಎರಡು ವರ್ಷ ನಾನು ಕನ್ನಡದ ಗೆಳೆಯರ ಜೊತೆ ಮಾತ್ರ ಇದ್ದೆ. ಅವರಿಲ್ಲದಿದ್ದರೆ ಆ ಒಂಟಿತನ ತಡೆಯಲು ಆಗುತ್ತಿರಲಿಲ್ಲ. ಆದರೆ ನನಗೆ ಗೊತ್ತಿದ್ದ ಸುದ್ದಿಯೇ ಅವರಿಗೂ ಗೊತ್ತಿತ್ತು. ಒಂದು ಹುದ್ದೆ ಖಾಲಿ ಇದೆ ಅಂದರೆ ಆರು ಜನವೂ ಅದಕ್ಕೇ ಅರ್ಜಿ ಹಾಕುತ್ತಿದ್ದೆವು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ಬರೆದಿದ್ದರು: ಹೊಸ ಸುದ್ದಿ ಹೆಚ್ಚಾಗಿ ಬರುವುದು ಆಪ್ತರಿಂದಲ್ಲ, ದೂರದ ಪರಿಚಯದವರಿಂದ. 2022ರಲ್ಲಿ ಪ್ರಕಟವಾದ, ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಜನರ ಮೇಲೆ ನಡೆದ ಅಧ್ಯಯನವೂ ಹತ್ತಿರಹತ್ತಿರ ಅದನ್ನೇ ಕಂಡಿತು. ತೀರಾ ಹತ್ತಿರದವರಿಗಿಂತ ಸ್ವಲ್ಪ ದೂರದ ಪರಿಚಯವೇ ಕೆಲಸ ಬದಲಿಸಲು ಜಾಸ್ತಿ ನೆರವಾಗಿತ್ತು. ಗೆಳೆಯರನ್ನು ಬಿಡಿ ಅಂತ ಹೇಳುತ್ತಿಲ್ಲ. ಪಕ್ಕದಲ್ಲಿ ಕೂತ ಬೇರೆ ದೇಶದ ಸಹಪಾಠಿಯನ್ನೂ ಇವತ್ತೇ ಸೇರಿಸಿಕೊಳ್ಳಿ.

ನಮ್ಮ ಬಗ್ಗೆ ನಾವೇ ಹೇಳಿಕೊಳ್ಳುವುದು ಜಂಬ ಅಂತ ಕಲಿತು ಬಂದವರು ನಾವು, ಅಲ್ವಾ? ನಾನೊಬ್ಬನೇ ಮಾಡಿದ ಪ್ರಾಜೆಕ್ಟಿಗೂ 'ನಾವು ಮಾಡಿದೆವು' ಅಂತ ಬರೆದಿದ್ದೆ. ಇಲ್ಲೇ ಹುಟ್ಟಿದ ನನ್ನ ಮಗಳಿಗೆ ಆ ಸಂಕೋಚ ಇಲ್ಲ. ಪರಿಚಯವೇ ಇಲ್ಲದವರಿಗೆ ಐದು ನಿಮಿಷದಲ್ಲಿ ಬರೆದು ಕಳಿಸುತ್ತಾಳೆ. ಅದೇ ಹುಡುಗಿ ಅಜ್ಜಿಯ ಫೋನ್ ಬಂದರೆ "ಚೆನ್ನಾಗಿದೀನಿ ಅಜ್ಜಿ" ಅಂದು ಮಾತು ಸಿಗದೆ ನನ್ನ ಕೈಗೆ ಫೋನ್ ಕೊಡುತ್ತಾಳೆ. ಆಗ ನನಗೆ ಏನು ಹೇಳಬೇಕೋ ತಿಳಿಯುವುದಿಲ್ಲ.

ಸಹಾಯ ಮಾಡಿದವರಿಗೆ ಮರಳಿ ಬರೆಯಿರಿ. ನನಗೆ ಉತ್ತರ ಕೊಟ್ಟವರು ಒಂದು ಸಂಜೆ 40 ನಿಮಿಷ ಮಾತಾಡಿದರು. ಕೆಲಸ ಸಿಕ್ಕಿತು, ನಾನು ತಿಳಿಸಲೇ ಇಲ್ಲ. ಅಷ್ಟು ದೊಡ್ಡವರಿಗೆ ಮತ್ತೆ ಯಾಕೆ ತೊಂದರೆ ಅಂದುಕೊಂಡೆ. ನಾಲ್ಕು ವರ್ಷದ ಮೇಲೆ ಹಳೆಯ ಸಂದೇಶ ತೆರೆದರೆ ಅವರ ಕೊನೆಯ ಸಾಲು ಹಾಗೇ ಇತ್ತು: "ಏನಾಯಿತು ಅಂತ ತಿಳಿಸಿ." ಅವತ್ತೇ ಬರೆದೆ. ಒಂದು ಗಂಟೆಯೊಳಗೆ ಉತ್ತರ ಬಂತು: "ನಿಮ್ಮದು ಏನಾಯಿತೋ ಅಂತ ಅಂದುಕೊಳ್ಳುತ್ತಿದ್ದೆ. ಈಗ ಎಲ್ಲಿದ್ದೀರಿ?"