ಟೆಂಟ್ ಹಾಕಿ ನೆಂಟರನ್ನು ಸೇರಿಸಿದ್ದು

"ಬಯಲಲ್ಲಿ ಮಲಗಿಸಿದರೆ ನೆಂಟರು ಹತ್ತಿರ ಆಗ್ತಾರೇನೋ? ಇರೋರೂ ಓಡಿಹೋಗ್ತಾರೆ" ಅಂತ ನಮ್ಮ ದೊಡ್ಡಪ್ಪ ನಕ್ಕಿದ್ದರು. ಈ ಸಲ ಹೊರಡುವಾಗ ಮುಂದಿನ ಕ್ಯಾಂಪ್ ಯಾವಾಗ ಅಂತ ಮೊದಲು ಕೇಳಿದ್ದೂ ಅವರೇ. ಹಾಗಾಗಿ ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ, ಸಹಿಸಿಕೊಳ್ಳಿ. ಟೆಂಟ್ ಹಾಕುವುದು, ಗೂಟ ಹೊಡೆಯುವುದು ನಿಮಗೆ ಗೊತ್ತೇ ಇರುತ್ತದೆ, ಅದನ್ನು ಬಿಟ್ಟುಬಿಡೋಣ.

ಮೊದಲು ಎಲ್ಲರ ಹಾಗೆ ಹಾಲ್ ಹಿಡಿದು ಊಟ ಹಾಕಿಸಿದ್ದೆವು. ಉಂಡರು, ಕೈ ತೊಳೆದರು, ಹೊರಟರು. ಆಮೇಲೆ ಕ್ಯಾಂಪ್ ಮಾಡಿದೆವು. ಮನೆಗೊಂದು ಟೆಂಟ್, ಮನೆಗೊಂದು ಸ್ಟೌ. ಸಂಜೆ ಆಗುತ್ತಲೇ ಎಲ್ಲರೂ ತಮ್ಮ ತಮ್ಮ ಜಿಪ್ ಎಳೆದುಕೊಂಡು ಒಳಗೆ ಕೂತರು, ಥೇಟ್ ಅಪಾರ್ಟ್‌ಮೆಂಟ್ ತರಹ. ಇನ್ನೊಂದು ಸಲ ಮೈಕ್, ಆಟ, ಬಹುಮಾನ ಅಂತ ಖರ್ಚು ಮಾಡಿದೆ. ಅಷ್ಟೂ ದಂಡ. ಹುಡುಗರು ಆಡಿದರು, ದೊಡ್ಡವರು ಮೊಬೈಲ್ ನೋಡಿದರು.

ಕೊನೆಗೆ ಕೆಲಸ ಮಾಡಿದ್ದು ಕೆಲಸವೇ. ಸುಮಾರು 40 ಜನಕ್ಕೆ ಮೂರೇ ಸ್ಟೌ ಇಟ್ಟೆ, ಮೂರು ಗುಂಪು ಮಾಡಿದೆ. ಪ್ರತಿ ಗುಂಪಿನಲ್ಲೂ ಹಿರಿಯರೊಬ್ಬರು, ನಡುವಯಸ್ಸಿನವರು, ಕಾಲೇಜು ಹುಡುಗರು, ಚಿಕ್ಕ ಮಕ್ಕಳು. ಗಂಡ ಹೆಂಡತಿಯನ್ನೂ ಒಂದೇ ಗುಂಪಿಗೆ ಹಾಕಲಿಲ್ಲ. ಚಾಕು, ಸೌಟು, ದೊಡ್ಡ ಪಾತ್ರೆಗಳನ್ನು ಬೇಕಂತಲೇ ಕಡಿಮೆ ತಂದಿದ್ದೆ. ಒಬ್ಬರು ಇನ್ನೊಬ್ಬರ ಹತ್ತಿರ ಹೋಗಿ ಕೇಳಲೇಬೇಕು. ಎದುರಾಬದುರು ಕೂರಿಸಿ "ಮಾತಾಡಿ" ಅಂದರೆ ಯಾರಿಗೂ ಮಾತು ಬರುವುದಿಲ್ಲ, ಅದೇ ಕೈಯಲ್ಲಿ ತರಕಾರಿ ಇದ್ದರೆ ಅತ್ತೆ ತನ್ನ ಹಳೇ ಕಥೆಯನ್ನೆಲ್ಲ ಪರಿಚಯವೇ ಇಲ್ಲದ ಮೊಮ್ಮಗನಿಗೆ ತಾವಾಗೇ ಹೇಳುತ್ತಾರೆ.

ನೀರೂ ಹಾಗೆಯೇ. ಕುಡಿಯಲು, ಅಡುಗೆಗೆ ಅಂತ ತಲೆಗೆ 4 ಲೀಟರ್ ಇಟ್ಟರೂ ದಿನಕ್ಕೆ 160 ಲೀಟರ್, ಅಂದರೆ 20 ಲೀಟರಿನ ಎಂಟು ಕ್ಯಾನ್. ತೊಳೆಯುವುದಕ್ಕೆ ಬೇರೆ. ತುಂಬಿದ ಕ್ಯಾನ್ 20 ಕಿಲೋಗೆ ಕಡಿಮೆ ಇರುವುದಿಲ್ಲ, ದೂರ ಹೊರಲು ಇಬ್ಬರು ಬೇಕು. ಜೋಡಿ ಮಾಡಲು ಚೀಟಿ ಎತ್ತಿದಾಗ ಎಷ್ಟೋ ವರ್ಷದಿಂದ ಮಾತು ಬಿಟ್ಟಿದ್ದ ಇಬ್ಬರಿಗೆ ಒಂದೇ ಕ್ಯಾನ್ ಬಂತು. ಮೊದಲ ಸಲ ಮಾತಿಲ್ಲದೆ ಹೊತ್ತರು, ಸಂಜೆ ಹೊತ್ತಿಗೆ "ನಿಧಾನ, ಕಲ್ಲಿದೆ" ಅನ್ನುವ ತನಕ ಬಂದರು. ಚೀಟಿಯಲ್ಲಿ ಅವರಿಬ್ಬರ ಹೆಸರೇ ಹೇಗೆ ಒಟ್ಟಿಗೆ ಬಂತು ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. ನಮ್ಮ ಮನೆಯವರೂ ಇದನ್ನು ಓದುತ್ತಾರೆ.

ಈಗ ದುಡ್ಡು. ಜಗಳ ಶುರುವಾಗುವುದೇ ಇಲ್ಲಿ. ಮನೆಗಿಷ್ಟು ಅಂದಾಗ ಇಬ್ಬರೇ ಇರುವ ಮನೆಯವರು ಗೊಣಗಿದರು, ತಲೆಗಿಷ್ಟು ಅಂದಾಗ ಮಕ್ಕಳು ಜಾಸ್ತಿ ಇರುವವರು ನೆಪ ಹೇಳಿ ತಪ್ಪಿಸಿಕೊಂಡರು. ಈಗ ದುಡಿಯುವವರಿಗೆ ಮಾತ್ರ ಪಾಲು, ಮಕ್ಕಳಿಗೂ ವಯಸ್ಸಾದವರಿಗೂ ಇಲ್ಲ. ಅರ್ಧ ದುಡ್ಡು ಮುಂಗಡ, ವಾಪಸ್ ಇಲ್ಲ. ಮುಂಚೆ ಕಾಲು ಭಾಗ ಜನ ಕೊನೆ ವಾರದಲ್ಲಿ ಕೈಕೊಡುತ್ತಿದ್ದರು, ಆ ನಷ್ಟವೆಲ್ಲ ನನ್ನ ತಲೆಗೆ. ಮುಂಗಡ ತೊಗೊಂಡ ಮೇಲೆ ಒಬ್ಬಿಬ್ಬರು ಅಷ್ಟೇ. ಇದಲ್ಲದೆ ಮುಚ್ಚಿದ ಡಬ್ಬಿಯೊಂದು ಇಟ್ಟೆ, ಯಾರು ಎಷ್ಟು ಹಾಕಿದರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕೊಡಲಾಗದವರ ಪಾಲು ಅದರಿಂದಲೇ ಸಂದಿತು, ಸ್ವಲ್ಪ ಮಿಕ್ಕಿತು ಕೂಡ. ನೆನಪಿದ್ದ ಮಟ್ಟಿಗೆ ಒಟ್ಟು ಖರ್ಚಿನ ಅರ್ಧದಷ್ಟು ಜಾಗಕ್ಕೂ ಟೆಂಟ್ ಬಾಡಿಗೆಗೂ ಹೋಯಿತು, ಊಟಕ್ಕೆ ಮೂರನೇ ಒಂದು ಭಾಗ ಇರಬಹುದು.

ಬಾಡಿಗೆ ಯಾಕೆ ಅಷ್ಟು ಅಂದರೆ, ನಾಲ್ಕು ಜನರ ಟೆಂಟ್ ಅಂತ ಬರೆದಿರುವುದು ಭುಜಕ್ಕೆ ಭುಜ ತಾಗಿಸಿ ಮಲಗುವ ಲೆಕ್ಕ. ಬ್ಯಾಗು ಇಟ್ಟರೆ ಇಬ್ಬರು, ಹೆಚ್ಚೆಂದರೆ ಮೂವರು. ಹಿರಿಯರಿಗೆ ಮಡಚುವ ಮಂಚ, ಅದರ ಮೇಲೆ ಫೋಮ್ ಮ್ಯಾಟ್. ಮ್ಯಾಟ್ ಬಿಡಬೇಡಿ, ಮಂಚದ ಕೆಳಗೆ ಗಾಳಿ ಆಡಿ ಬೆನ್ನು ತಣ್ಣಗಾಗುತ್ತದೆ. ಅವರ ಟೆಂಟ್ ಶೌಚಾಲಯಕ್ಕೆ ಹತ್ತಿರ ಇರಲಿ. ಟೆಂಟ್ ಸೋರುತ್ತಿದೆ ಅಂತ ಬೆಳಗ್ಗೆ ಚಿಕ್ಕಮ್ಮ ಗಲಾಟೆ ಎಬ್ಬಿಸಿದರು. ಮಳೆಯೇ ಬಂದಿರಲಿಲ್ಲ. ಚಳಿ ಅಂತ ಗಾಳಿ ಕಿಂಡಿ ಮುಚ್ಚಿದ್ದರು, ಉಸಿರಿನ ತೇವವೇ ಒಳಗೆ ಹನಿಯಾಗಿ ಇಳಿದಿತ್ತು.

ಸುಮ್ನೆ ಮಾಡಿದ ಪ್ರಯೋಗಗಳೂ ಇವೆ. ಮೊಬೈಲ್ ನಿಷೇಧ ಅರ್ಧ ದಿನವೂ ನಡೆಯಲಿಲ್ಲ. ಅದರ ಬದಲು ಚಾರ್ಜಿಂಗ್ ಜಾಗ ಒಂದೇ, ಅದೂ ಅಡುಗೆ ಜಾಗದಲ್ಲಿ. ಹರೆಯದವರೆಲ್ಲ ತಾವಾಗೇ ಬಂದು ಅಲ್ಲಿ ಕೂತರು! ಹಳೇ ಬೆಡ್‌ಶೀಟ್ ಮೇಲೆ ಮಾರ್ಕರಿನಲ್ಲಿ ವಂಶವೃಕ್ಷ ಬರೆಯಲು ಬಿಟ್ಟೆ, ತಪ್ಪು ತಿದ್ದಲು ಬಂದವರೇ ಜಾಸ್ತಿ. ಹಳೇ ಫೋಟೋಗಳ ಹಿಂದೆ ಹೆಸರು ಬರೆಸಿದೆ, ಪೆನ್ ಅಲ್ಲ, ಮೆತ್ತಗಿನ ಪೆನ್ಸಿಲ್ಲಿನಲ್ಲಿ. ಹಿರಿಯರ ಮಾತು ರೆಕಾರ್ಡ್ ಮಾಡಲು ಬೆಂಕಿಯ ಪಕ್ಕ ಕೂತರೆ ಬರೀ ಗಾಳಿ, ಚಟಪಟ ಸದ್ದು. ನಿಲ್ಲಿಸಿದ ಕಾರಿನಲ್ಲಿ ಗಾಜು ಏರಿಸಿ, ಕೈಗೊಂದು ಹಳೇ ಫೋಟೋ ಕೊಟ್ಟು ಕೂರಿಸಿದೆ. ಸ್ಟುಡಿಯೋದಲ್ಲಿ ಮಾಡಿದಷ್ಟು ಸ್ವಚ್ಛ ಧ್ವನಿ ಬಂತು. ಏನು ಕೇಳಿ ಮಾತು ಶುರು ಮಾಡಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಡಬ್ಬಿಯಲ್ಲಿ ಮಿಕ್ಕಿದ್ದು ಮುಂದಿನ ಜಾಗದ ಮುಂಗಡಕ್ಕೆ ಹೋಗಿದೆ. ಮಂಚ ಮಾತ್ರ ಇನ್ನೂ ಜಾಸ್ತಿ ಬೇಕು, ಐವತ್ತು ದಾಟಿದವರೆಲ್ಲ ಈಗಲೇ ಹೆಸರು ಬರೆಸಿದ್ದಾರೆ, ನಾನೂ ಸೇರಿ.