ಹಿಂಬರಹ ಕೇಳೋದು ಕಲಿತ ಮೇಲೆ

ಪಾಂಡವಪುರ ತಾಲ್ಲೂಕಿನ ನಮ್ಮ ಪಂಚಾಯಿತಿಯಲ್ಲಿ ಜನರ ಹಕ್ಕು ಕಾಯೋಕೆ ಒಂದು ಮೇಜು ಹಾಕುತ್ತೇನೆ ಅಂದಾಗ ಮೊದಲು ನಕ್ಕವರು ನನ್ನ ಜೊತೆ ಸದಸ್ಯರೇ. ‘ಚರಂಡಿ ಹೂಳು ತೆಗೆಸೋಕೇ ಆಗ್ತಿಲ್ಲ, ಮಾನವ ಹಕ್ಕಿಗೆ ಹೊರಟವ್ನೆ’ ಅಂದರು. ಈಗ ಅವರೇ ಜನರನ್ನು ನನ್ನ ಹತ್ತಿರ ಕಳಿಸುತ್ತಾರೆ. ಅದಕ್ಕೇ ಬರೆಯುವ ಧೈರ್ಯ ಬಂದಿದೆ.

ಶುರುವಿನಲ್ಲಿ ಮಾಡಿದ್ದೆಲ್ಲ ತಪ್ಪು. 2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದ ಹುಮ್ಮಸ್ಸು ಬೇರೆ ಇತ್ತು. ಬಸ್ ಸ್ಟ್ಯಾಂಡ್ ಪಕ್ಕ ಒಂದು ಕೋಣೆ ಹಿಡಿದೆ. ತಿಂಗಳಿಗೆ 1,500 ಬಾಡಿಗೆ. ‘ಮಾನವ ಹಕ್ಕು ರಕ್ಷಣಾ ಕೇಂದ್ರ’ ಅಂತ ದೊಡ್ಡ ಫ್ಲೆಕ್ಸ್ ಕಟ್ಟಿಸಿದೆ. ಎರಡು ತಿಂಗಳು ಒಂದು ನರಪಿಳ್ಳೆಯೂ ಒಳಗೆ ಬರಲಿಲ್ಲ. ಕಾರಿಗೆ ಅಂಥದೇ ಬೋರ್ಡ್ ಹಾಕಿಕೊಂಡು ವಸೂಲಿಗೆ ಬರುವವರನ್ನು ನೋಡಿ ಜನ ರೋಸಿಹೋಗಿದ್ದರು. ಒಬ್ಬ ಕ್ರಷರ್ ಮಾಲೀಕ ‘ನಿಮ್ಮ ರೇಟ್ ಎಷ್ಟು ಸಾರ್’ ಅಂತ ನೇರವಾಗೇ ಕೇಳಿದ. ಫ್ಲೆಕ್ಸ್ ಕಿತ್ತು ತಂದು ಹುಲ್ಲಿನ ಮೆದೆಗೆ ಹೊದಿಸಿದೆ. ಒಟ್ಟು ಹದಿನೆಂಟು ಸಾವಿರದ ಹತ್ತಿರ ಹೋಯಿತು. ಮನೆಯಲ್ಲಿ ಇವತ್ತಿಗೂ ಹನ್ನೆರಡು ಅಂತಲೇ ಹೇಳಿದ್ದೇನೆ.

ಆಮೇಲೆ ಹೊಳೆಯಿತು. ಹೊಸದು ಯಾಕೆ ಕಟ್ಟಬೇಕು? ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಸಾಮಾಜಿಕ ನ್ಯಾಯ ಸಮಿತಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಇರಬೇಕು. ನಮ್ಮಲ್ಲೂ ಇತ್ತು, ನಡಾವಳಿ ಪುಸ್ತಕದೊಳಗೆ. ಸಭೆ ನಡೆದದ್ದು ಯಾರಿಗೂ ನೆನಪಿಲ್ಲ, ಸಹಿ ಮಾತ್ರ ತಪ್ಪದೆ ಬಿದ್ದಿತ್ತು! ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಒಪ್ಪಿಸಿದೆ. ಹೇಗೆ ಅಂತ ಕೇಳಬೇಡಿ, ಅದು ನನ್ನಲ್ಲೇ ಇರಲಿ. ವಾರಕ್ಕೊಂದು ದಿನ ಪಂಚಾಯಿತಿ ಜಗಲಿಯಲ್ಲಿ ಸಮಿತಿ ದೂರು ತೆಗೆದುಕೊಳ್ಳಬೇಕು ಅಂತ ಠರಾವಾಯಿತು. ಒಂದು ರಿಜಿಸ್ಟರ್, ಒಂದು ಸೀಲು, ಒಂದು ಇಂಕ್ ಪ್ಯಾಡ್. ಏಳುನೂರು ರೂಪಾಯಿ ದಾಟಲಿಲ್ಲ.

ಜನ ಬಂದರು, ಆದರೆ ಕೆಲಸ ಆಗಲಿಲ್ಲ. ಠಾಣೆಯಲ್ಲಿ ಏಟು ತಿಂದ ಹುಡುಗನೊಬ್ಬನ ದೂರನ್ನು ಬೆಂಗಳೂರಿನ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಕಳಿಸಿದೆ. ಘಟನೆ ನಡೆದು ಹದಿನಾಲ್ಕು ತಿಂಗಳಾಗಿತ್ತು. 1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆಯಲ್ಲಿ ಒಂದು ವರ್ಷದ ಗಡುವು ಇರುವುದು ಗೊತ್ತಿದ್ದೂ ತಾರೀಖು ನೋಡದೆ ಕಳಿಸಿದವನು ನಾನೇ. ಎರಡನೇ ದೂರನ್ನು ರಾಜ್ಯ ಆಯೋಗಕ್ಕೂ ದೆಹಲಿಗೂ ಒಟ್ಟಿಗೇ ಹಾಕಿದೆ. ರಾಜ್ಯದಲ್ಲಿ ಬಾಕಿ ಇರುವ ವಿಷಯವನ್ನು ರಾಷ್ಟ್ರೀಯ ಆಯೋಗ ಮುಟ್ಟುವುದಿಲ್ಲ. ಸುಮ್ನೆ ಸ್ಪೀಡ್ ಪೋಸ್ಟ್ ದಂಡ. ಮೂರನೆಯದಕ್ಕೆ ಮಂತ್ರಿಯಿಂದ ಹಿಡಿದು ಹನ್ನೊಂದು ಜನಕ್ಕೆ ಪ್ರತಿ ಕಳಿಸಿದೆ. ಹನ್ನೊಂದು ಜನರೂ ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಅಂತ ಕೂತರು. ಬೆಂಗಳೂರಿಗೆ ಐದಾರು ಸಲ ಓಡಾಡಿದ ರೈಲು, ಊಟದ ಖರ್ಚು ಪೂರ್ತಿ ನನ್ನ ಜೇಬಿನದು.

ದಾರಿ ಸಿಕ್ಕಿದ್ದು ಆಲೆಮನೆಯಿಂದ. ಹೊರ ಜಿಲ್ಲೆಯ ಒಂದು ಕುಟುಂಬ ನಲವತ್ತು ಸಾವಿರ ಮುಂಗಡ ತೆಗೆದುಕೊಂಡು ಬಂದಿತ್ತು. ಹಬ್ಬಕ್ಕೂ ಊರಿಗೆ ಬಿಟ್ಟಿರಲಿಲ್ಲ. ಎಷ್ಟು ದುಡಿದರೂ ಲೆಕ್ಕದಲ್ಲಿ ಸಾಲ ಏರುತ್ತಲೇ ಇತ್ತು. ಒಂದು ಕಚೇರಿಗೆ ಹೋದೆ. ‘ಸಾಲದ ಚೀಟಿ ತನ್ನಿ, ಜೀತ ಅಂತ ಸಾಬೀತು ಮಾಡಿ’ ಅಂದರು. ಈ ಸಲ ಬಾಯಿ ಜಗಳಕ್ಕೆ ಇಳಿಯಲಿಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಆ ಹೊರೆ ಇರುವುದು ಸಾಲ ಕೊಟ್ಟವನ ಮೇಲೆ. ಇದು ಜೀತದ ಸಾಲ ಅಲ್ಲ ಅಂತ ಅವನು ತೋರಿಸಬೇಕು. ಅಷ್ಟನ್ನೇ ಒಂದು ಪುಟದ ಮನವಿಯಲ್ಲಿ ಬರೆದು, ಸಮಿತಿಯ ಸೀಲು ಹೊಡೆದು, ‘ನೀವು ಹೇಳಿದ್ದನ್ನೇ ಹಿಂಬರಹವಾಗಿ, ಅಂದರೆ ಕಚೇರಿಯ ಲಿಖಿತ ಉತ್ತರವಾಗಿ ಕೊಡಿ’ ಅಂತ ಕುರ್ಚಿ ಎಳೆದು ಕೂತೆ. ಬಾಯಲ್ಲಿ ಇಲ್ಲ ಅನ್ನೋದು ಸುಲಭ. ಕಾಗದದ ಮೇಲೆ ಇಲ್ಲ ಅಂತ ಬರೆದು ಸಹಿ ಹಾಕೋಕೆ ಯಾರಿಗೂ ಕೈ ಬರುವುದಿಲ್ಲ. ಮಧ್ಯಾಹ್ನ ಎರಡೂವರೆಗೆ ಕಡತ ಎದ್ದಿತು. ವಾರದೊಳಗೆ ಸ್ಥಳ ತನಿಖೆ ಆಯಿತು. ನಾಲ್ಕು ಜನಕ್ಕೆ ಬಿಡುಗಡೆ ಪತ್ರ ಬಂತು. ತಕ್ಷಣದ ಪರಿಹಾರ ಅಂತ ತಲೆಗೆ 30,000 ಇದೆ. ಆ ‘ತಕ್ಷಣ’ಕ್ಕೆ ಏಳು ತಿಂಗಳು ಹಿಡಿಯಿತು, ಅದೂ ಮೂವರಿಗೆ. ನಾಲ್ಕನೆಯವರದು ಬ್ಯಾಂಕ್ ಖಾತೆಯ ಹೆಸರಿನ ತಪ್ಪಿನಲ್ಲಿ ಇನ್ನೂ ಸಿಕ್ಕಿಕೊಂಡಿದೆ.

ಮನವಿಯ ಮೊದಲ ಎರಡು ಸಾಲು ಹೇಗೆ ಬರೆಯುತ್ತೇನೆ ಅನ್ನೋದು ಬೇಕಿದ್ದರೆ ಊರಿಗೆ ಬನ್ನಿ, ತೋರಿಸುತ್ತೇನೆ.

ನಡುವೆ ದೂರು ಪೆಟ್ಟಿಗೆ ಇಟ್ಟು ನೋಡಿದೆ. ಮೂರು ತಿಂಗಳಿಗೆ ಗುಟ್ಕಾ ಪ್ಯಾಕೆಟ್, ಒಂದು ಪ್ರೇಮಪತ್ರ, ಬೀದಿ ದೀಪದ ಎರಡು ಚೀಟಿ. ವಾಟ್ಸಾಪ್ ನಂಬರ್ ಕೊಟ್ಟೆ, ಗುಡ್ ಮಾರ್ನಿಂಗ್ ಹೂವು ಬಂದವು. ಹೆಂಗಸರು ಜಗಲಿಗೆ ಬರುತ್ತಿರಲಿಲ್ಲ, ಗಂಡಸರ ಎದುರು ಏನು ಹೇಳಿಯಾರು ಅಲ್ವಾ? ಕೊನೆಗೆ ಸಮಿತಿಯ ಮಹಿಳಾ ಸದಸ್ಯೆ ರಿಜಿಸ್ಟರ್ ಹಿಡಿದು ಬೆಳಿಗ್ಗೆ ಆರೂವರೆಗೆ ಹಾಲಿನ ಡೈರಿ ಹತ್ತಿರ ನಿಂತರು. ಒಂದೇ ವಾರದಲ್ಲಿ ಒಂಬತ್ತು ದೂರು. ಕ್ಯಾನ್ ಹಿಡಿದು ಸಾಲಲ್ಲಿ ನಿಂತವರು ಯಾಕೆ ಬಂದರು ಅಂತ ಯಾರೂ ಕೇಳುವುದಿಲ್ಲ. ಗಂಡನ ಹೊಡೆತದ ಕೇಸುಗಳನ್ನು ನಾವು ಪಂಚಾಯ್ತಿ ಮಾಡಿ ಮುಗಿಸುವುದಿಲ್ಲ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಅಲ್ಲೇ ಫೋನ್ ಹಚ್ಚಿ ಕೊಡುತ್ತೇವೆ. ಹೆಂಗಸರಿಗೆ ವಕೀಲರ ನೆರವು ಪುಕ್ಕಟೆ.

ಹೋದ ಯುಗಾದಿಗೆ ಎಣಿಸಿದಾಗ ರಿಜಿಸ್ಟರಿನಲ್ಲಿ ನೂರ ತೊಂಬತ್ತು ಚಿಲ್ಲರೆ ದೂರುಗಳಿದ್ದವು. ಎಪ್ಪತ್ತರಷ್ಟು ಮುಗಿದಿವೆ, ಅದರಲ್ಲಿ ಪಿಂಚಣಿಯದೇ ಜಾಸ್ತಿ. ಪಕ್ಕದ ಪಂಚಾಯಿತಿಯವರು ಮಾದರಿ ಕೇಳಿಕೊಂಡು ಬಂದಿದ್ದರು. ರಿಜಿಸ್ಟರಿನ ಖಾಲಿ ಹಾಳೆ, ಠರಾವಿನ ಪ್ರತಿ ಜೆರಾಕ್ಸ್ ಮಾಡಿಸಿ ಕೊಟ್ಟೆ. ಜೆರಾಕ್ಸ್ ದುಡ್ಡು ಇನ್ನೂ ಕೊಟ್ಟಿಲ್ಲ ಅವರು.