ಪದ್ಮಿನಿಯ ಡೋರ್ ಪ್ಯಾಡ್: ಎರಡು ಮಳೆಗಾಲ ಕಳೆದರೂ ಹಪ್ಪಳವಾಗಿಲ್ಲ

ಕಾರಿನ ಬಾಗಿಲ ಒಳಬದಿಯ ಪ್ಯಾಡಿಗೆ ಹಾರ್ಡ್‌ಬೋರ್ಡ್ ಹಾಕಿದರೆ ಆಟಿ ತಿಂಗಳು (ತುಳುವರ ಜುಲೈ-ಆಗಸ್ಟ್) ಮುಗಿಯುವಷ್ಟರಲ್ಲಿ ಹಪ್ಪಳವಾಗುತ್ತದೆ ಎಂದು ಮಂಗಳೂರಿನಲ್ಲಿ ಕೇಳಿದ ಕುಶನ್ ಅಂಗಡಿಯವರೆಲ್ಲ ಹೇಳಿದ್ದರು. ನನ್ನ ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿನ ನಾಲ್ಕೂ ಬಾಗಿಲಿಗೆ ಅದೇ 3 ಎಂಎಂ ಹಾರ್ಡ್‌ಬೋರ್ಡ್ ಹಾಕಿ ಎರಡು ಮಳೆಗಾಲ ದಾಟಿಸಿದ್ದೇನೆ. ಪ್ಯಾಡನ್ನು ಬಾಗಿಲಿಗೆ ಹಿಡಿದಿಡುವ ಕ್ಲಿಪ್ ಒಂದೂ ಬಿಟ್ಟಿಲ್ಲ.

ತಪ್ಪು ಬೋರ್ಡಿನದಲ್ಲ, ಹಿಂದಿನಿಂದ ಬರುವ ನೀರಿನದು. ಗ್ಲಾಸಿನ ಮೇಲೆ ಬಿದ್ದ ಮಳೆ ಅದರ ಬುಡದ ರಬ್ಬರ್ ಬೀಡಿಂಗ್ ದಾಟಿ ಬಾಗಿಲೊಳಗೆ ಇಳಿದೇ ಇಳಿಯುತ್ತದೆ. ಅಡಿಯ ತೂತುಗಳಿಂದ ಅದು ಹೊರಗೆ ಹೋಗಬೇಕು. ತೂತು ತುಕ್ಕಿನಿಂದ ಕಟ್ಟಿಕೊಂಡು, ಒಳಗಿನ ಪಾಲಿಥೀನ್ ಹರಿದಿದ್ದರೆ ಯಾವ ಬೋರ್ಡ್ ಹಾಕಿದರೂ ದುಡ್ಡು ನೀರುಪಾಲು.

ಇದು ತಿಳಿಯುವ ಮೊದಲು ಸುಮಾರು ಒಂಬತ್ತು ಸಾವಿರ ಹೋಯಿತು. 4 ಎಂಎಂ ಮೆರೈನ್ ಪ್ಲೈ, ಮೇಲೆ 6 ಎಂಎಂ ಫೋಮ್ ಹಾಕಿದೆ. ಪ್ಯಾಡ್ ದಪ್ಪವಾಗಿ ಗ್ಲಾಸ್ ಇಳಿಸುವ ಹ್ಯಾಂಡಲ್ ಪೂರ್ತಿ ಒಳಗೆ ಕೂರಲಿಲ್ಲ, ಅದರ ಹಿಂದಿನ ಬಟ್ಟಲನ್ನು ಎಷ್ಟು ಒತ್ತಿದರೂ ಹ್ಯಾಂಡಲ್ ಬಿಗಿಯುವ ಪಿನ್ನಿನ ತೂತು ಕಾಣಲಿಲ್ಲ. ಆಮೇಲೆ ಮಲ್ಪೆಯಲ್ಲಿ ದೋಣಿಗೆ ಬಳಸುವ ಫೈಬರ್ ಮ್ಯಾಟ್, ರೆಸಿನ್ ತಂದು ಒಂದು ಪ್ಯಾಡ್ ಎರಕ ಹೊಯ್ದೆ. ನೀರಿಗೆ ಜಗ್ಗಲಿಲ್ಲ, ಆದರೆ ಬಾಗಿಲು ಹಾಕಿದಾಗ ಡಬ್ಬಿ ಬಡಿದ ಸದ್ದು, ಕ್ಲಿಪ್ ತೂತಿನ ಸುತ್ತ ಬಿರುಕು. ಹಿಂದಿನ ಸೀಟಿನ ಪಕ್ಕದ ಪ್ಯಾನೆಲ್‌ಗಾದರೆ ಈಗಲೂ ಅದನ್ನೇ ಮಾಡುತ್ತೇನೆ, ಅಲ್ಲಿ ಬಡಿತವಿಲ್ಲ.

ಹಾರ್ಡ್‌ಬೋರ್ಡಿನಲ್ಲೂ ಮೊದಲ ಜೋಡಿ ಕೆಟ್ಟಿತು. ನೀರು ತಡೆಯುವ ಪಿಯು (ಪಾಲಿಯುರೆಥೇನ್) ಸೀಲರ್ ಹೊಡೆದು ಒಣಗಿಸಿ, ಆಮೇಲೆ ಕ್ಲಿಪ್ ತೂತು ಕೊರೆದಿದ್ದೆ. ಪ್ರತಿ ತೂತಿನ ಒಳಗೋಡೆಯೂ ಸೀಲರ್ ಕಾಣದ ಬರೀ ಬೋರ್ಡೇ. ನೀರು ಕುಡಿದು ಉಬ್ಬಿ, ಕ್ಲಿಪ್ ಕಿತ್ತು ಬಂತು. ಕತ್ತರಿಸುವುದು, ಹ್ಯಾಂಡಲ್ ತೂತು, ಕ್ಲಿಪ್ ತೂತು ಎಲ್ಲ ಮುಗಿದ ಮೇಲೆಯೇ ಸೀಲರ್ ಮುಟ್ಟಬೇಕು. ಮೊದಲ ಕೋಟ್‌ಗೆ ಸರಿಸಮ ಥಿನ್ನರ್ ಬೆರೆಸಿದರೆ ಒಳಕ್ಕೆ ಇಂಗುತ್ತದೆ. ಎರಡೂ ಮುಖಕ್ಕೆ ಎರಡು ಕೋಟ್, ಅಂಚಿಗೂ ತೂತಿಗೂ ಮೂರು. ರೆಕ್ಸಿನ್ ಕಡೆಯನ್ನು ಬಿಡಬೇಡಿ, ಅದು ಉಸಿರಾಡುವುದಿಲ್ಲ, ಒಳಗೆ ಸೇರಿದ ತೇವ ಅಲ್ಲೇ ಕೊಳೆಯುತ್ತದೆ.

ಮರಗೆಲಸದ ಬಿಳಿ ಗಮ್ ಬೇಡ, ತೇವಕ್ಕೆ ಮತ್ತೆ ಮೆತ್ತಗಾಗುತ್ತದೆ. ರಬ್ಬರ್ ಗಮ್ಮನ್ನು ಎರಡೂ ಕಡೆ ತೆಳ್ಳಗೆ ಎಳೆದು, ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಕೂರಿಸಬೇಕು, ಹದಿನೈದು ಇಪ್ಪತ್ತು ನಿಮಿಷ. ಮಳೆಗಾಲದಲ್ಲಿ ಗಮ್ ಆರುವಾಗ ಗಾಳಿಯ ತೇವ ಅದರ ಮೇಲೆ ಕೂತು ಬಿಳಿ ಪೊರೆ ಕಟ್ಟುತ್ತದೆ, ಹಿಡಿತವೇ ಇರುವುದಿಲ್ಲ. ಹಾಗಾಗಿ ಮೇ ಕೊನೆಗೆ, ಮಳೆಗಾಲಕ್ಕೆ ಮುಂಚೆ ಬರುವ ಪತ್ತನಾಜೆಯ ಒಳಗೆ ಈ ಕೆಲಸ ಮುಗಿಯಬೇಕು. ಫೋಮ್ 3 ಎಂಎಂ ಸಾಕು. ರೆಕ್ಸಿನ್ ಅಂಚು ಎರಡು ಸೆಂಟಿಮೀಟರ್ ಮಡಚಿ. 6 ಎಂಎಂ ಸ್ಟೇಪಲ್ ಹೊಡೆದರೆ ಮುಂದೆ ತೂರಿ ಬರುತ್ತದೆ, 4 ಎಂಎಂ ಸಿಗದಿದ್ದರೆ ಬರೀ ಗಮ್. ಹಳೆಯ ಪ್ಯಾಡಿನ ಒತ್ತುಗೆರೆಗಳನ್ನು ಹೊಲಿಗೆಯಿಲ್ಲದೆ ಎಬ್ಬಿಸಿದ್ದೇನೆ, ನೋಡಿದವರು ಕಂಪನಿಯದ್ದೇ ಎನ್ನುತ್ತಾರೆ. ಹಿತ್ತಾಳೆ ಪಟ್ಟಿ, ಬಿಸಿ ಇಷ್ಟು ಹೇಳಬಲ್ಲೆ, ಉಳಿದದ್ದು ನನ್ನಲ್ಲಿರಲಿ.

ಬಾಗಿಲಿಗೆ 200 ಮೈಕ್ರಾನ್ ಪಾಲಿಥೀನ್, ಸುತ್ತ ಬ್ಯುಟೈಲ್ (ಮೆತ್ತನೆ ರಬ್ಬರಿನ ಅಂಟು) ಟೇಪ್. ಕೆಳಗಿನ ಅಂಚನ್ನು ಬಾಗಿಲಿನ ಸೀಳಿನ *ಒಳಗೆ* ಇಳಿಬಿಡಬೇಕು. ಹೊರಗೆ ಅಂಟಿಸಿದರೆ ಹಾಳೆಯ ಮೇಲೆ ಇಳಿದ ನೀರು ನೇರ ಪ್ಯಾಡಿನ ಬುಡಕ್ಕೆ. ಪ್ಯಾಡ್ ಹಾಕುವ ಮೊದಲು ಪಾಲಿಥೀನ್ ಮೇಲೆ ಹಳೆಯ ಉದಯವಾಣಿಯ ಒಂದು ಹಾಳೆ ಅಂಟಿಸಿ, ಗ್ಲಾಸಿಗೆ ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಡಿ. ಕಾಗದ ಎಲ್ಲಿ ಕಪ್ಪಾಯಿತೋ ಅಲ್ಲಿ ಟೇಪ್ ಸೋರುತ್ತಿದೆ. ಎಡ ಹಿಂಬಾಗಿಲಲ್ಲಿ ಹೀಗೆ ಮೂರು ಸಲ ಟೇಪ್ ಬಿಚ್ಚಿ ಕಟ್ಟಿದೆ.

ಕ್ಲಿಪ್ಪುಗಳನ್ನು ಸ್ಟೀಲ್ ತಂತಿಯಲ್ಲಿ ಮಾಡಿಸಿ ನೋಡಿದೆ, ತುಕ್ಕಿಲ್ಲ, ಆದರೆ ಸ್ಪ್ರಿಂಗ್ ಇಲ್ಲ. ಮೂಲದ ಕ್ಲಿಪ್ಪನ್ನೇ ಗ್ರೀಸಿನಲ್ಲಿ ಅದ್ದಿ ಹಾಕುವುದು ಒಳ್ಳೆಯದು.

ಕೆಟ್ಟುಹೋದವನ್ನು ಬಿಟ್ಟು, ಈಗಿನ ನಾಲ್ಕು ಪ್ಯಾಡಿಗೆ ಎಲ್ಲ ಸೇರಿ ಐದೂವರೆ ಸಾವಿರದ ಆಸುಪಾಸು, ರೆಕ್ಸಿನ್ನೇ ಅದರಲ್ಲಿ ಸಾವಿರದ ಐನೂರು. ಅಂಗಡಿಯಲ್ಲಿ ಕೇಳಿದ್ದು ಹದಿನಾಲ್ಕು ಸಾವಿರ. ಮೊದಲ ಮಳೆಗಾಲ ಕಳೆದು ನಾಲ್ಕನ್ನೂ ಬಿಚ್ಚಿ ನೋಡಿದೆ. ಡ್ರೈವರ್ ಕಡೆಯದರ ಹಿಂದಿನ ಕೆಳಮೂಲೆ ಅರ್ಧ ಎಂಎಂ ಉಬ್ಬಿತ್ತು, ಅಲ್ಲಿ ಅಂಚಿಗೆ ಮೂರನೆಯ ಕೋಟ್ ತಪ್ಪಿತ್ತು. ಉಜ್ಜಿ ಮತ್ತೆ ಹೊಡೆದೆ. ಈ ವರ್ಷ ಅದೂ ಒಣಗಿಯೇ ಇದೆ.